ಬಾಯೊಳಗಿಟ್ಟ ಬೆರಳು



ನಡುರಾತ್ರಿ ದವಡೆಹಲ್ಲು ನೋಯತೊಡಗಿದರೆ ನೀವೇನು ಮಾಡುತ್ತೀರಿ? ಲವಂಗ ಕಚ್ಚಿಕೊಂಡು ಬೆಳಗಾಗುವುದನ್ನು ಕಾಯುತ್ತೀರಿ. ಬೆಳಿಗ್ಗೆ ಬಸ್ಸು ಹಿಡಿದರೆ ಪೇಟೆಯಲ್ಲಿ ದಂತವೈದ್ಯರು ಸಿಗುತ್ತಾರೆ. ಬ್ರೆಜಿಲ್ ದೇಶದ ಅಮೆಜಾನ್ ನದಿದಡದ ಮೀನುಗಾರನಿಗೆ ಬಸ್ಸಿಲ್ಲ. ಅಲ್ಲಿ ನದಿಯೇ ರಸ್ತೆ. ದೋಣಿಯಲ್ಲಿ ಪೇಟೆ ಸೇರಲು ಕೆಲವೊಮ್ಮೆ ದಿನಗಳೇ ಬೇಕು. ಹುಳುಕು ಚಿಕ್ಕದಿದ್ದಾಗ ತುಂಬಿಸಿದ್ದರೆ ಉಳಿಯುತ್ತಿದ್ದ ಹಲ್ಲನ್ನು ಕೊನೆಗೆ ಕೀಳಲೇಬೇಕಾಗುತ್ತದೆ. ಹೀಗೆ ಮುಂಬಲ್ಲು ಕಳೆದುಕೊಂಡವರು ನಗುವಾಗ ಕೈ ಅಡ್ಡ ಹಿಡಿಯುತ್ತಾರೆ. ಹರೆಯದವರಿಗಂತೂ ಅದು ನೋವಿಗಿಂತ ದೊಡ್ಡ ನೋವು.

2013ರಲ್ಲಿ ವಿಶ್ವಗುರು ಫ್ರಾನ್ಸಿಸ್‌ರವರು ರಿಯೊ ಡಿ ಜನೈರೋದಲ್ಲಿ ಫ್ರಾನ್ಸಿಸ್ಕನ್ ಸಹೋದರರ ಆಸ್ಪತ್ರೆಯೊಂದಕ್ಕೆ ಭೇಟಿಯಿತ್ತಾಗ, ನೀವು ಅಮೆಜಾನಿನಲ್ಲಿ ಇದ್ದೀರಾ ಎಂದು ಕೇಳಿದರು. ಇಲ್ಲವೆಂಬ ಉತ್ತರ ಬಂತು. ಹಾಗಾದರೆ ಹೋಗಬೇಕು ಎಂದರು. ಸಹೋದರರು ಹೋದರು! (ಗುರುಗಳ ಮಾತನ್ನು ಇಷ್ಟು ನೇರವಾಗಿ ತೆಗೆದುಕೊಳ್ಳುವವರು ಕಡಿಮೆ.) 2019ರ ಆಗಸ್ಟಿನಲ್ಲಿ ಪಾರಾ ರಾಜ್ಯದ ನದಿಗೆ 32 ಮೀಟರ್ ಉದ್ದದ ಆಸ್ಪತ್ರೆ ಹಡಗು ಇಳಿಯಿತು. ಅದಕ್ಕೆ ಆ ವಿಶ್ವಗುರುಗಳದೇ ಹೆಸರು. 2025ರಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು. ಹಡಗಿನಲ್ಲಿ ಶಸ್ತ್ರಚಿಕಿತ್ಸಾ ಕೊಠಡಿ, ಎಕ್ಸ್‌ರೇ, ಪ್ರಯೋಗಾಲಯಗಳ ಜೊತೆಗೆ ದಂತಚಿಕಿತ್ಸೆಯ ಕುರ್ಚಿಯೂ ಇದೆ. ಸ್ವಯಂಸೇವಕ ವೈದ್ಯರು, ದಂತವೈದ್ಯರು ತಮ್ಮ ದುಡಿಮೆ ಬಿಟ್ಟು ಬಂದು ಹತ್ತುತ್ತಾರೆ.

ಒಂದು ಹಲ್ಲಿಗಾಗಿ ಇಷ್ಟೆಲ್ಲವೇ, ಆತ್ಮೋದ್ಧಾರವಲ್ಲವೇ ಧರ್ಮಸಭೆಯ ಕೆಲಸ ಎಂದು ಕೇಳುವವರಿದ್ದಾರೆ. ಸಂತ ಮಾರ್ಕನ ಶುಭಸಂದೇಶದ 7ನೇ ಅಧ್ಯಾಯವನ್ನು ಇಂದು ರಾತ್ರಿ ತೆರೆದು ನೋಡಿ. ಶತಾಧಿಪತಿಯ ಸೇವಕನನ್ನು ದೂರದಿಂದಲೇ ಗುಣಪಡಿಸಿದ ಯೇಸುಸ್ವಾಮಿಗೆ ಆ ಕಿವುಡನ ವಿಷಯದಲ್ಲೂ ಒಂದು ಮಾತು ಸಾಕಿತ್ತು. ಆದರೆ ಅವರು ಅವನನ್ನು ಜನಸಂದಣಿಯಿಂದ ಆಚೆಗೆ ಕರೆದೊಯ್ದರು, ಕಿವಿಯಲ್ಲಿ ಬೆರಳಿಟ್ಟರು, ಉಗುಳಿನಿಂದ ನಾಲಿಗೆಯನ್ನು ಮುಟ್ಟಿದರು. ದೇವರು ನರದೇಹ ಧರಿಸಿದರೆಂದು ನಾವು ವಿಶ್ವಾಸಸಂಗ್ರಹದಲ್ಲಿ ಸಲೀಸಾಗಿ ಹೇಳುತ್ತೇವೆ. ಆ ದೇಹಕ್ಕೆ ಹಲ್ಲುಗಳೂ ಇದ್ದವು, ರೊಟ್ಟಿ ಅಗಿದವು ಎಂಬುದನ್ನು ಯೋಚಿಸುವುದಿಲ್ಲ.

ಪರರ ಬಾಯೊಳಗೆ ಬೆರಳಿಡುವುದು ಸುಲಭದ ಪ್ರೀತಿಯಲ್ಲ. ಕೀವು, ರಕ್ತ, ದುರ್ವಾಸನೆ ಎಲ್ಲವೂ ಅಲ್ಲಿರುತ್ತದೆ. ಕಾಣಿಕೆ ಲಕೋಟೆಯಲ್ಲಿ ಹಣ ಹಾಕುವವರಿಗೆ ಇವು ಎದುರಾಗುವುದಿಲ್ಲ. ಸುಮಾರು 249ರಲ್ಲಿ ಅಲೆಕ್ಸಾಂಡ್ರಿಯದಲ್ಲಿ ಹಿಂಸಕರು ಹಲ್ಲು ಮುರಿದ ರಕ್ತಸಾಕ್ಷಿ ಸಂತ ಅಪೊಲೋನಿಯಳನ್ನು ಹಲ್ಲುನೋವಿನವರು ಮೊರೆಯಿಡುತ್ತಾರೆ. ದಂತವೈದ್ಯರಿಗೂ ಆಕೆಯೇ ಪಾಲಕಿ. ಆಕೆಯ ಹಬ್ಬ ಫೆಬ್ರವರಿ 9. ದಂತವೈದ್ಯಕೀಯ ಓದುತ್ತಿರುವ ಮಗನೋ ಮಗಳೋ ನಿಮ್ಮ ಮನೆಯಲ್ಲಿದ್ದರೆ, ಆ ದಿನದ ಬಲಿಪೂಜೆಗೆ ಜೊತೆಯಲ್ಲಿ ಕರೆತನ್ನಿ. ಹಿಂತಿರುಗುವ ದಾರಿಯಲ್ಲಿ ಈ ಹಡಗಿನ ಕಥೆ ಹೇಳಿ.