ಎಸೆದ ವಸ್ತುವಿನ ಹೊಣೆ ಯಾರದು?

ನಾವು ಒಂದು ವಸ್ತುವನ್ನು ಹೊರಗೆ ಎಸೆದ ಮೇಲೆ ಅದು ನಮ್ಮದಲ್ಲವಾಗುವದೋ? ಈ ಪ್ರಶ್ನೆಯು ನೋಡುವದಕ್ಕೆ ಅಲ್ಪವಾಗಿ ತೋರಿದರೂ ಅದರೊಳಗೆ ನೆರೆಯವನ ಪ್ರಾಣದ ವಿಚಾರವು ಅಡಗಿರುವದರಿಂದ, ಪ್ರಿಯ ವಾಚಕರೇ, ಅದನ್ನು ಸ್ವಲ್ಪ ಆಲೋಚಿಸೋಣ.

ಬೆಂಗಳೂರು ಪಟ್ಟಣದ ಕಸವನ್ನು ಅನೇಕ ವರುಷ ಮಾವಳ್ಳಿಪುರ, ಮಂಡೂರು ಎಂಬ ಹಳ್ಳಿಗಳ ಬಳಿಯಲ್ಲಿ ಸುರಿಯುತ್ತಿದ್ದರು. ಊರವರು ಎದ್ದು ತಡೆದ ಮೇಲೆ ಮಾವಳ್ಳಿಪುರದಲ್ಲಿ 2012ರಲ್ಲಿಯೂ ಮಂಡೂರಿನಲ್ಲಿ 2014ರಲ್ಲಿಯೂ ಸುರಿಯುವದು ನಿಂತಿತು. ಲಾರಿಗಳು ಬಾರದೆ ಹೋದವು; ಆದರೆ ನೆಲಕ್ಕೆ ಇಳಿದದ್ದು ಲಾರಿಗಳ ಸಂಗಡ ಹಿಂದಿರುಗಲಿಲ್ಲ.

ಹೇಗಂದರೆ, ಸೊಪ್ಪು ಸಿಪ್ಪೆಗಳು ಕೊಳೆತು ಮಣ್ಣಾಗುವವು. ಸವೆದ ಬ್ಯಾಟರಿ, ಒಡೆದ ಟ್ಯೂಬ್‌ಲೈಟು, ಕೆಟ್ಟ ರೇಡಿಯೋ, ಹಳೇ ಬಣ್ಣ ಇಂಥವುಗಳಲ್ಲಿ ಇರುವ ಸೀಸ, ಪಾದರಸ, ಕ್ಯಾಡ್ಮಿಯಮ್ ಮುಂತಾದ ಭಾರ ಲೋಹಗಳಾದರೋ ಕೊಳೆಯತಕ್ಕವುಗಳಲ್ಲ. ಬೆಂಕಿಯಿಟ್ಟರೆ ಪಾದರಸವು ಆವಿಯಾಗಿ ಗಾಳಿಗೆ ಸೇರುವದು, ಸೀಸದ ಬಹುಭಾಗವು ಬೂದಿಯಲ್ಲಿ ಉಳಿಯುವದು. ಮಳೆ ಬಂದರೆ, ಕೊಳೆಯುವ ಕಸದ ಹುಳಿಯು ಲೋಹವನ್ನು ಕರಗಿಸಿ, ಕಪ್ಪು ರಸದೊಡನೆ ಕೆಳಗಿನ ಮಣ್ಣಿಗೆ ಇಳಿಸುವದು. ಮಣ್ಣು ಹಿಡಿದುಕೊಂಡ ಲೋಹವು ತಲತಲಾಂತರಕ್ಕೂ ಅಲ್ಲಿಯೇ ನಿಲ್ಲುವದು. ಕ್ಯಾಡ್ಮಿಯಮ್ ಸೊಪ್ಪಿನ ಬೇರಿನಿಂದ ಎಲೆಗೆ ಏರಿ, ಬಹುಕಾಲ ತಿನ್ನುವವನ ಮೂತ್ರಪಿಂಡವನ್ನು ಕೆಡಿಸುವದು. ಸೀಸವು ಧೂಳಿನಲ್ಲಿ ಆಡುವ ಮಗುವಿನ ಕೈಯಿಂದ ಬಾಯಿಗೆ ಹೋಗಿ ಅದರ ಬುದ್ಧಿಯ ಬೆಳವಣಿಗೆಯನ್ನು ಕುಂದಿಸುವದು.

ಕೆಲವರು, “ನಾನು ಎಸೆದದ್ದು ಒಂದೇ ಬ್ಯಾಟರಿ; ಲಕ್ಷ ಜನರ ಕಸದಲ್ಲಿ ಅದು ಎಷ್ಟರದು? ಯಾರಿಗೂ ಕೇಡು ಮಾಡಬೇಕೆಂಬ ಮನಸ್ಸು ನನಗಿರಲಿಲ್ಲವಲ್ಲಾ” ಅನ್ನುವರು. ಇದಕ್ಕೆ ಉತ್ತರವೇನಂದರೆ: ಹೊಂಡ ತೋಡಿ ಮುಚ್ಚದೆ ಬಿಟ್ಟವನು, ನೆರೆಯವನ ಎತ್ತು ಅದರಲ್ಲಿ ಬಿದ್ದು ಸತ್ತರೆ, ಬೆಲೆಯನ್ನು ತೆರಬೇಕೆಂದು ಮೋಶೆಯ ನ್ಯಾಯಪ್ರಮಾಣವು ವಿಧಿಸುತ್ತದೆ. ಎತ್ತು ಸಾಯಲೆಂದು ತೋಡಿದನೋ ಎಂದು ಅಲ್ಲಿ ವಿಚಾರಿಸುವದಿಲ್ಲ. ಮುಚ್ಚದೆ ಹೋದದ್ದೇ ಸಾಕು. ಲಕ್ಷ ಜನರು ಕೂಡಿ ತೋಡಿದ ಹೊಂಡಕ್ಕೆ ಒಡೆಯನಿಲ್ಲವೆಂದು ಹೇಳಕೂಡದು. ಅದಕ್ಕೆ ಲಕ್ಷ ಜನ ಒಡೆಯರುಂಟು. ತಪ್ಪಿತಸ್ಥನ ಹೆಸರು ಸಿಕ್ಕದಿರುವದು ಬೇರೆ, ಅವನು ನಿರ್ದೋಷಿಯಾಗಿರುವದು ಬೇರೆ.

ಇದು ಪಟ್ಟಣದವರ ತಪ್ಪು, ಹಳ್ಳಿಯವರಾದ ನಮಗೇನೆಂದು ಸುಮ್ಮನಿರಲೂ ಬಾರದು. ನಮ್ಮ ತಿಪ್ಪೆಗೆ ಬಿದ್ದ ಬ್ಯಾಟರಿಯ ಲೋಹವು ಗೊಬ್ಬರದೊಡನೆ ನಮ್ಮ ಹೊಲಕ್ಕೇ ಹೋಗುವದು. ಪಟ್ಟಣದ ಕಸದಿಂದ ಮಾಡಿ ಮಾರುವ ಗೊಬ್ಬರಕ್ಕೆ ಸರಕಾರವು ಮಿತಿಯನ್ನು ಇಟ್ಟದೆ: ಒಂದು ಕಿಲೋಗ್ರಾಮಿನಲ್ಲಿ ಸೀಸವು 100 ಮಿಲಿಗ್ರಾಮನ್ನೂ ಕ್ಯಾಡ್ಮಿಯಮ್ 5 ಮಿಲಿಗ್ರಾಮನ್ನೂ ಮೀರಕೂಡದು. ನಮ್ಮ ತಿಪ್ಪೆಯನ್ನು ಅಳೆಯುವದಕ್ಕೆ ಅಧಿಕಾರಿಯು ಬರುವದಿಲ್ಲ. ಅಲ್ಲಿ ನಮ್ಮ ಮನಸ್ಸಾಕ್ಷಿಯೇ ಕಾವಲು.

ಆದದರಿಂದ ಹಳೇ ಬ್ಯಾಟರಿ, ದೀಪ, ಬಣ್ಣದ ಡಬ್ಬಿಗಳನ್ನು ಮನೆಯಲ್ಲಿ ಬೇರೆಯಾಗಿ ಇಟ್ಟು, ಕಸ ಕೂಡಿಸುವವರಿಗೆ ಬೇರೆಯಾಗಿಯೇ ಒಪ್ಪಿಸೋಣ. ಕಸಕ್ಕೆ ಬೆಂಕಿ ಇಡದೆ ಇರೋಣ. ಪಟ್ಟಣದ ಗೊಬ್ಬರವನ್ನು ಕೊಳ್ಳುವ ಮೊದಲು ಅದನ್ನು ಪರೀಕ್ಷಿಸಿದ ಪತ್ರವನ್ನು ಕೇಳೋಣ. ನಾವು ಎಸೆದದ್ದು ಯಾರಿಗೂ ಕೇಡು ಮಾಡಲಾರದ ಸ್ಥಳಕ್ಕೆ ಸೇರುವ ತನಕ ಅದು ನಮ್ಮದೇ ಎಂದು ತಿಳಿದು ನಡೆಯೋಣ.