ಹೊಗೆಸೊಪ್ಪಿನ ದುಡಿಮೆಗೆ ಹೊಣೆ ಯಾರು?

ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಗೆ ಬರುವ ಒಂದೊಂದು ತಂಬಾಕಿನ ಬೇಲ್‌ನ ಹಿಂದೆಯೂ ತಿಂಗಳುಗಟ್ಟಲೆ ದುಡಿಮೆಯಿದೆ. ಸಸಿ ಮಾಡಬೇಕು, ನೆಡಬೇಕು, ಕುಡಿ ಚಿವುಟಬೇಕು, ಸೊಪ್ಪು ಮುರಿದು ಕಡ್ಡಿಗೆ ಕಟ್ಟಬೇಕು. ಆಮೇಲೆ ಐದಾರು ದಿನ ಹಗಲೂ ರಾತ್ರಿ ಎಲೆ ಒಣಗಿಸುವ ಬ್ಯಾರನ್‌ನ ಬೆಂಕಿ ಕಾಯಬೇಕು. ಎಲೆ ಹಳದಿಗೆ ತಿರುಗುವ ತನಕ ಶಾಖ ಹದವಾಗಿರಬೇಕು. ಕೊನೆಗೆ ದಂಟು ಒಣಗಲು 70 ಡಿಗ್ರಿಯ ಹತ್ತಿರಕ್ಕೆ ಏರಬೇಕು. ಹದ ತಪ್ಪಿದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಬೆಲೆ ಬೀಳುತ್ತದೆ.

ಇಷ್ಟು ಶ್ರದ್ಧೆಯಿಂದ ಮಾಡಿದ ಕೆಲಸದ ಫಲ ಸಿಗರೇಟು. ಇದನ್ನು ಕಾಯಕ ಎನ್ನಬಹುದೇ?

ಪಕ್ಕದ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದಿಂದ ಟಿಬೆಟನ್ ಬೌದ್ಧರು ನೆಲೆಸಿದ್ದಾರೆ. ಅವರು ನಂಬುವ ಬುದ್ಧನ ಅಷ್ಟಾಂಗ ಮಾರ್ಗದಲ್ಲಿ ಸಮ್ಯಕ್ ಆಜೀವವೂ, ಅಂದರೆ ಸರಿಯಾದ ಜೀವನೋಪಾಯವೂ, ಒಂದು. ಅದರಂತೆ ವಿಷ ಮತ್ತು ಮಾದಕ ವಸ್ತುಗಳ ವ್ಯಾಪಾರ ಗೃಹಸ್ಥರಿಗೂ ಸಲ್ಲದು. ಶರಣರ ಪರಂಪರೆಯೂ ದುಡಿಮೆಯ ಶುದ್ಧಿಯನ್ನು ಕೇಳಿತು. ಶರಣ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದವಳು ಅವನ ಹೆಂಡತಿ ಆಯ್ದಕ್ಕಿ ಲಕ್ಕಮ್ಮ. ಆದರೆ ಅಂದಿನ ಊಟಕ್ಕೆ ಬೇಕಾದಷ್ಟು ಆ ಮನೆಯಲ್ಲಿತ್ತು ಎಂಬುದನ್ನೂ ಮರೆಯಬಾರದು. ಬೇಡ ಎನ್ನುವ ಬಲ ಬರುವುದು ಬೇರೊಂದು ದಾರಿ ಇದ್ದಾಗ.

ಹುಣಸೂರು ಸೀಮೆಯ ರೈತನಿಗೆ ಆ ದಾರಿಯನ್ನು ಯಾರು ತೆರೆದರು? 1975ರ ಕಾಯ್ದೆಯಿಂದ ಹುಟ್ಟಿದ ತಂಬಾಕು ಮಂಡಳಿಯ ಕೇಂದ್ರ ಕಚೇರಿ ಗುಂಟೂರಿನಲ್ಲಿದೆ. ಕರ್ನಾಟಕದಲ್ಲಿ ವರ್ಜೀನಿಯಾ ತಂಬಾಕು ಎಷ್ಟು ಬೆಳೆಯಬೇಕೆಂದು ವರ್ಷವರ್ಷ ನಿಗದಿ ಮಾಡುವುದು ಅದೇ. ಇತ್ತೀಚೆಗೆ ಆ ಮಿತಿ ಸುಮಾರು 10 ಕೋಟಿ ಕೆ.ಜಿ. ಬೆಳೆಗಾರರ ನೋಂದಣಿ, ಬ್ಯಾರನ್ ಪರವಾನಗಿ, ಹರಾಜು ಎಲ್ಲವೂ ಮಂಡಳಿಯ ಕೈಯಲ್ಲಿವೆ. ಹುಣಸೂರಿನಲ್ಲಿ ತಂಬಾಕಿನ ಸಂಶೋಧನೆ ನಡೆಸುವ ಕೇಂದ್ರವಿದೆ. ಬ್ಯಾಂಕಿನ ಸಾಲ ಹರಾಜಿನ ಹಣದಿಂದ ತೀರುತ್ತದೆ. ರಾಗಿ, ಅವರೆ, ಹುರುಳಿಗೆ ಬೀಜದಿಂದ ಬಟವಾಡೆಯವರೆಗೆ ಇಂಥ ಗಟ್ಟಿ ಏರ್ಪಾಡಿಲ್ಲ. ಊರಿನ ಕೂಲಿ ಎಲ್ಲಿ ಹುಟ್ಟಬೇಕೆಂಬುದು ಹೀಗೆ ಹೊಲಕ್ಕಿಂತ ಮೊದಲು ಕಚೇರಿಯಲ್ಲಿ ತೀರ್ಮಾನವಾಗಿದೆ.

ಆ ಮಂಡಳಿಯನ್ನು ಕಟ್ಟಿದ ಕೇಂದ್ರ ಸರ್ಕಾರವೇ 2003ರಲ್ಲಿ ತಂಬಾಕು ನಿಯಂತ್ರಣ ಕಾಯ್ದೆ ತಂದಿತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಅನುಮೋದಿಸಿತು. ಸಂವಿಧಾನದ 41ನೇ ವಿಧಿ ಪ್ರಭುತ್ವಕ್ಕೆ ದುಡಿಮೆಯ ಹಕ್ಕಿನ ಹೊಣೆ ಹೊರಿಸಿದರೆ, 47ನೇ ವಿಧಿ ಜನರ ಆರೋಗ್ಯದ ಹೊಣೆ ಹೊರಿಸುತ್ತದೆ. ಒಂದನ್ನು ಕಾಪಾಡಲು ಇನ್ನೊಂದನ್ನು ಬಲಿಕೊಡುವುದು ಧರ್ಮವಲ್ಲ.

ಬೆಳೆಯ ಮಿತಿಯನ್ನು ಸುಮ್ಮನೆ ಇಳಿಸಿದರೆ ಮೊದಲು ಕೂಲಿ ಕಳೆದುಕೊಳ್ಳುವವರು ಸೊಪ್ಪು ಕಟ್ಟುವ ಹೆಣ್ಣುಮಕ್ಕಳು. ಹಸಿ ಎಲೆಯ ನಿಕೋಟಿನ್ ಚರ್ಮದ ಮೂಲಕ ಒಳಗಿಳಿದು ತಲೆಸುತ್ತು, ವಾಂತಿ ತರುವುದು ಇವರಂಥ ಕೆಲಸಗಾರರಿಗೇ. ಪರವಾನಗಿ ಬೆಳೆಗಾರನ ಹೆಸರಿನಲ್ಲಿರುವುದರಿಂದ ಪರಿಹಾರದ ಮಾತು ಬಂದಾಗ ಇವರು ಲೆಕ್ಕಕ್ಕೇ ಸಿಗುವುದಿಲ್ಲ. ತಂಬಾಕು ನಿಯಂತ್ರಣ ಒಪ್ಪಂದದ 17ನೇ ವಿಧಿ ಬೆಳೆಗಾರರ ಜೊತೆಗೆ ಕಾರ್ಮಿಕರಿಗೂ ಬದಲಿ ಜೀವನೋಪಾಯಗಳನ್ನು ಉತ್ತೇಜಿಸಬೇಕೆನ್ನುತ್ತದೆ. ತಂಬಾಕು ಇಳಿಯುವ ವರ್ಷವೇ ರಾಗಿ, ದ್ವಿದಳ ಧಾನ್ಯಗಳಿಗೆ ಅಂಥದೇ ಖಚಿತ ಖರೀದಿ ಮತ್ತು ಸಾಲ ಸಿಗಬೇಕು. ಕೂಲಿಕಾರರ ಹೆಸರೂ ನೋಂದಣಿಯಾಗಿ, ಅವರ ಕಳೆದುಹೋಗುವ ಕೂಲಿ ದಿನಗಳಿಗೆ ಬದಲಿ ಕೆಲಸವನ್ನು ಅದೇ ಯೋಜನೆಯಲ್ಲಿ ಬರೆದಿಡಬೇಕು.