ಭಯಕ್ಕೊಂದು ಅರ್ಜಿ

ಶಂಕರಪುರದಲ್ಲಿ ಬೆಳಗಾಗುವುದೇ ಮಲ್ಲಿಗೆಯ ತೋಟದಲ್ಲಿ. ಮೊಗ್ಗು ಬಿರಿಯುವ ಮೊದಲೇ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ ಮುಟ್ಟಿಸಬೇಕು. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಗೆ ಇವತ್ತಿನ ದರ ಎಷ್ಟೆಂದು ತಿಳಿಯುವ ತನಕ ನಮ್ಮ ಹೆಂಗಸರಿಗೆ ಬೇರೆ ಮಾತು ರುಚಿಸುವುದಿಲ್ಲ. ಹೂವಿಗೆ ದಿನಕ್ಕೊಂದು ದರವಿರುತ್ತದೆಂದು ಬಲ್ಲ ನನಗೆ, ಭಯಕ್ಕೂ ಒಂದು ದರ ಉಂಟೆಂದು ತಿಳಿದದ್ದು ಒಂದು ಅರ್ಜಿ ಬರೆಯಲು ಕುಳಿತಾಗ.

ಮೂರು ವರ್ಷದ ಹಿಂದಿನ ಮಾತು. ಮುಸ್ಸಂಜೆ ಹೊತ್ತು ನಮ್ಮ ಓಣಿಯಲ್ಲಿ ಬೈಕಿನಲ್ಲಿ ಬಂದ ಇಬ್ಬರು ನೆರೆಮನೆಯಾಕೆಯ ಕರಿಮಣಿ ಕಿತ್ತುಕೊಂಡು ಹೋದರು. ಓಣಿಯ ದೀಪಗಳು ಕೆಟ್ಟು ತಿಂಗಳಾಗಿತ್ತು. ಆ ವಾರ ನಮ್ಮ ಸ್ವಸಹಾಯ ಸಂಘದ ಸಭೆಯಲ್ಲಿ ಸಾಲದ ಕಂತಿನ ಮಾತೇ ಏಳಲಿಲ್ಲ. ದೀಪ ಬೇಕು, ಕ್ಯಾಮೆರಾ ಬೇಕು, ಹೆಣ್ಣುಮಕ್ಕಳಿಗೆ ತರಬೇತಿ ಬೇಕು. ದುಡ್ಡು? ಎಲ್ಲರೂ ನನ್ನ ಕಡೆ ನೋಡಿದರು. ನಿವೃತ್ತ ಟೀಚರು ಎಂದರೆ ಊರಿಗೆಲ್ಲ ಅರ್ಜಿ ಬರೆಯುವವಳು ಎಂದೇ ಲೆಕ್ಕ.

ಹುಡುಕುತ್ತಾ ಹೋದರೆ ದುಡ್ಡು ಇಲ್ಲವೆಂದೇನಿಲ್ಲ. ದೆಹಲಿಯ ಆ ಘೋರ ಘಟನೆಯ ನಂತರ 2013ರ ಬಜೆಟ್ಟಿನಲ್ಲಿ ಕೇಂದ್ರ ಸರಕಾರ 1,000 ಕೋಟಿ ರೂಪಾಯಿಯ ನಿರ್ಭಯಾ ನಿಧಿಯನ್ನು ಸಾರಿತು. ಅದರಿಂದ ಎಂಟು ಮಹಾನಗರಗಳಿಗೆ ಸುರಕ್ಷಿತ ನಗರ ಯೋಜನೆ ಬಂತು. ಆ ಎಂಟರಲ್ಲಿ ನಮ್ಮ ರಾಜ್ಯದ್ದು ಬೆಂಗಳೂರು ಒಂದೇ. ಅದೇ 2013ರ ಕಂಪೆನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪೆನಿಗಳು ಲಾಭದ ಶೇಕಡಾ 2ನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಪಂಚಾಯತಿಗೂ ಹಣಕಾಸು ಆಯೋಗದ ಅನುದಾನ ಬರುತ್ತಿತ್ತು. ಆದರೆ 15ನೇ ಆಯೋಗ ಅದರಲ್ಲಿ ಶೇಕಡಾ 60ನ್ನು ನೀರು, ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು. ಉಳಿದದ್ದಕ್ಕೆ ಊರಿನ ನೂರು ಕೆಲಸಗಳು ಸಾಲು ನಿಂತಿದ್ದವು.

ಕೊನೆಗೆ ಒಂದು ದಾನಿ ಸಂಸ್ಥೆಯ ಅರ್ಜಿ ನಮೂನೆ ಕೈಗೆ ಬಂತು. ಮೊದಲನೆಯ ಪ್ರಶ್ನೆ: ‘ನಿಮ್ಮ ಪ್ರದೇಶದ ಅಪರಾಧದ ಸ್ಥಿತಿಯನ್ನು ವಿವರಿಸಿ.’

ನಾನು ಒಂದು ಕರಿಮಣಿ ಬರೆದೆ. ಎರಡು ತೆಂಗಿನಕಾಯಿ ಕಳವು ನೆನಪಾಯಿತು, ಬರೆಯಲು ನಾಚಿಕೆಯಾಯಿತು. ಪುಟ ಖಾಲಿ ಉಳಿಯಿತು.

“ಸ್ವಲ್ಪ ಹೆಚ್ಚು ಬರೆಯಿರಿ ಟೀಚರ್. ಇಷ್ಟಕ್ಕೆಲ್ಲ ಯಾರು ಕೊಡುತ್ತಾರೆ?” ಎಂದರು ಆಚೆಮನೆ ಬಾಯಮ್ಮ. ಅವರದೂ ಸುಳ್ಳಲ್ಲ. ಕಳ್ಳತನ ಆಗದ ಹಾಗೆ ನೋಡಿಕೊಳ್ಳುವ ಕೆಲಸಕ್ಕೆ, ಕಳ್ಳತನ ಎಷ್ಟು ಆಯಿತೆಂದು ತೋರಿಸಿದರೇ ದುಡ್ಡು. ನಡೆಯದೇ ಹೋದದ್ದಕ್ಕೆ ರಶೀದಿ ಎಲ್ಲಿಂದ ತರುವುದು?

ಆ ರಾತ್ರಿ ನಾನು ಬರೆದೆ. ‘ಇತ್ತೀಚೆಗೆ ಹೊರ ಊರುಗಳ ಕೂಲಿಗಳು ಹೆಚ್ಚಾಗಿರುವುದರಿಂದ ಮಹಿಳೆಯರಲ್ಲಿ ಭಯದ ವಾತಾವರಣವಿದೆ.’ ಇದನ್ನು ಬರೆಯಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಬೈಕಿನವರ ಮುಖವನ್ನು ಯಾರೂ ನೋಡಿರಲಿಲ್ಲ. ಆದರೆ ಭಯಕ್ಕೆ ಒಂದು ಮುಖ ಬೇಕಲ್ಲ? ನನ್ನ ಪೆನ್ನಿಗೆ ಹತ್ತಿರದಲ್ಲೇ ಸಿಕ್ಕಿತು.

ಮರುದಿನ ಜಗಲಿಯಲ್ಲಿ ಓದಿ ಹೇಳಿದೆ. ಎಲ್ಲರೂ ತಲೆದೂಗಿದರು. ಮೂಲೆಯಲ್ಲಿ ಕುಳಿತು ಹೂ ಕಟ್ಟುತ್ತಿದ್ದವಳೊಬ್ಬಳ ಬೆರಳು ಮಾತ್ರ ನಿಂತವು. ಬಾಗಲಕೋಟೆ ಕಡೆಯವಳು; ನಮ್ಮ ಬಾಯಲ್ಲಿ ‘ಘಟ್ಟದವಳು’. ಗಂಡ ಗಾರೆ ಕೆಲಸಕ್ಕೆ ಹೋದರೆ, ಇವಳು ಬೆಳಿಗ್ಗೆ ಚೆಂಡಿನ ಲೆಕ್ಕಕ್ಕೆ ಹೂ ಕಟ್ಟಿ, ಸಂಜೆ ಎರಡು ಮನೆಯ ಪಾತ್ರೆ ತೊಳೆಯುತ್ತಾಳೆ.

“ಅಕ್ಕಾರೆ, ಆ ಹೊರಗಿನವರಾಗ ನಾನೂ ಅದೀನೇನ್ರೀ?” ಎಂದಳು.

ಸಿಟ್ಟಿನಿಂದ ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು. ‘ಛೆ, ನೀನಲ್ಲ ಮಾರಾಯ್ತಿ’ ಎಂದೆ. ಹಾಗಾದರೆ ಯಾರು? ಅವಳ ಗಂಡನೆ? ಅವನ ಜೊತೆಯವರೆ? ನನ್ನಲ್ಲಿ ಉತ್ತರವಿರಲಿಲ್ಲ. ಅವಳೇ ಮುಂದುವರಿಸಿದಳು: ರಾತ್ರಿ ಎಂಟಕ್ಕೆ ಆ ಕತ್ತಲ ಓಣಿಯಲ್ಲಿ ದಿನವೂ ನಡೆಯುವವಳು ತಾನಂತೆ. ಯಾರಾದರೂ ಹಿಂದೆ ಬಂದರೆ ಗಟ್ಟಿಯಾಗಿ ಮಗನ ಹೆಸರು ಕರೆಯುತ್ತಾಳಂತೆ, ಮಗ ಮುಂದೆಯೇ ಇದ್ದಾನೆ ಎಂಬ ಹಾಗೆ. ಮಗ ಇರುವುದು ಊರಿನಲ್ಲಿ, ಅಜ್ಜಿಯ ಜೊತೆ.

ನಮ್ಮ ಓಣಿಯಲ್ಲಿ ಎಲ್ಲರಿಗಿಂತ ಹೆಚ್ಚು ಹೆದರುವವಳನ್ನೇ ನಾನು ಹೆದರಿಸುವವರ ಪಟ್ಟಿಗೆ ಸೇರಿಸಿದ್ದೆ.

ಇನ್ನೂ ಒಂದು ಮಾತು ಅಂದು ಯಾರೂ ಆಡಲಿಲ್ಲ. ಆ ಜಗಲಿಯಲ್ಲೇ ಇಬ್ಬರ ಮೈಮೇಲೆ ಆಗಾಗ ಬಾಸುಂಡೆ ಕಾಣುತ್ತದೆ. ಅದನ್ನು ಮೂಡಿಸಿದವರು ಹೊರಗಿನವರಲ್ಲ. ಮನೆಯೊಳಗಿನ ಹಿಂಸೆಯ ವಿರುದ್ಧ 2005ರಲ್ಲೇ ಕಾಯ್ದೆ ಬಂದಿದೆ, ನಿರ್ಭಯಾ ನಿಧಿಯಿಂದಲೇ ಜಿಲ್ಲೆಗಳಲ್ಲಿ ಸಖಿ ಕೇಂದ್ರಗಳಾಗಿವೆ, 181ಕ್ಕೆ ಫೋನು ಮಾಡಬಹುದು. ಆದರೂ ‘ಅಪರಾಧದ ಸ್ಥಿತಿ’ ಬರೆಯುವಾಗ ಆ ಬಾಸುಂಡೆಗಳು ನನ್ನ ಪೆನ್ನಿಗೆ ಸಿಗಲಿಲ್ಲ. ಬೀದಿಯ ಕ್ಯಾಮೆರಾ ಅಡುಗೆಮನೆಯನ್ನು ನೋಡುವುದಿಲ್ಲ. ನೋಡುವ ಧೈರ್ಯ ನಮಗೂ ಇರಲಿಲ್ಲ.

ಆ ಸಾಲನ್ನು ಹೊಡೆದು ಹಾಕಿ, ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದೆ. ಎರಡು ತಿಂಗಳಾದ ಮೇಲೆ ಉತ್ತರ ಬಂತು. ನಮ್ಮ ಯೋಜನೆ ಅವರ ಆದ್ಯತೆಗೆ ಹೊಂದುವುದಿಲ್ಲವಂತೆ. “ಆ ಸಾಲು ಇದ್ದಿದ್ದರೆ ಸಿಗುತ್ತಿತ್ತೋ ಏನೋ” ಎಂದರು ಬಾಯಮ್ಮ. ಸಿಗುತ್ತಿತ್ತೇನೋ. ಒಳ್ಳೆಯ ಕೆಲಸಕ್ಕೆ ಒಂದು ಸಾಲಿನ ಸುಳ್ಳು ಎಂದು ಈಗಲೂ ಕೆಲವರು ವಾದಿಸುತ್ತಾರೆ. ಆದರೆ ದುಡ್ಡು ಮುಗಿದ ಮೇಲೂ ಆ ಸಾಲು ಉಳಿಯುತ್ತದೆ. ನಾಳೆ ಏನಾದರೂ ಕಳವಾದರೆ ಮೊದಲು ಯಾರ ಬಾಗಿಲು ಬಡಿಯಬೇಕೆಂದು ಅದು ಹೇಳಿಕೊಡುತ್ತದೆ.

ನಾವೆಲ್ಲ ಗ್ರಾಮಸಭೆಗೆ ಹೋಗಿ ಕುಳಿತೆವು. ಬೀದಿದೀಪ ಪಂಚಾಯತಿಯದೇ ಕೆಲಸವಷ್ಟೆ? ಎರಡು ದೀಪ ಸರಿಯಾದವು. ಮೂರನೆಯದಕ್ಕೆ ಮನೆಗೊಂದು ಚೆಂಡಿನ ದರದಂತೆ ಕೂಡಿಸಿದೆವು. ಘಟ್ಟದವಳೂ ಒಂದು ಚೆಂಡಿನ ದುಡ್ಡು ತಂದು ಕೊಟ್ಟಳು. ಬೇಡವೆಂದರೂ ಕೇಳಲಿಲ್ಲ. ಕ್ಯಾಮೆರಾ ಬರಲಿಲ್ಲ. ರಾತ್ರಿ ಎಂಟಕ್ಕೆ ಯಾರಾದರೊಬ್ಬರು ಗೇಟಿನ ಬಳಿ ನಿಂತಿರುತ್ತೇವೆ, ಅಷ್ಟೆ.

ಜನ ನನ್ನನ್ನು ಹೊಗಳುತ್ತಾರೆ, ಟೀಚರು ಸುಳ್ಳು ಬರೆಯಲಿಲ್ಲ ಎಂದು. ನನಗೆ ಮಾತ್ರ ಒಂದು ಯೋಚನೆ ಬಿಟ್ಟಿಲ್ಲ. ಅಂದು ಅವಳು ಕೆಲಸಕ್ಕೆ ರಜೆ ಮಾಡಿದ್ದಿದ್ದರೆ? ಎಲ್ಲರೂ ತಲೆದೂಗಿದ ಆ ಅರ್ಜಿಯನ್ನು ನಾನು ಮಡಚಿ, ಲಕೋಟೆಗೆ ಹಾಕಿ, ಅಂಚೆಪೆಟ್ಟಿಗೆಗೆ ಹಾಕಿ ಬರುತ್ತಿದ್ದೆ. ರಾತ್ರಿ ನಿದ್ದೆಯೂ ಚೆನ್ನಾಗಿಯೇ ಬರುತ್ತಿತ್ತು.